ಚಿಗವ್ವ ಹಲ್ಲಿಗೆ ಹಚ್ಚಿ ನೋಡಿದ ಎಂಜಿನ್

ಹೋದ ವರ್ಷ ಜೂನ್ ತಿಂಗಳ ಎರಡನೇ ಸೋಮವಾರ ದೇವಾಪುರದಲ್ಲಿರುವ ನನ್ನ ಚಿಗವ್ವನ ಹಿಟ್ಟಿನ ಗಿರಣಿಗೆ ಹೊಸ ಡೀಸೆಲ್ ಎಂಜಿನ್ ಬಂತು. ಶಹಾಪುರದಿಂದ ಟಂಟಂ ಗಾಡಿಯಲ್ಲಿ ತಂದದ್ದನ್ನು ಇಳಿಸಲು ಆರು ಜನ ಬೇಕಾದರು. ಹಳೆಯ ಎಂಜಿನ್ ಕೈಕೊಟ್ಟು ಹದಿನೈದು ದಿನವಾಗಿತ್ತು. ಕರೆಂಟ್ ನಂಬಿ ಗಿರಣಿ ನಡೆಯುವುದಿಲ್ಲ. ಊರಿನವರು ಜೋಳ ಬೀಸಿಸಲು ಸುರಪುರಕ್ಕೆ ಹೋಗತೊಡಗಿದ್ದರು. ಇನ್ನೊಮ್ಮೆ ಎಂಜಿನ್ ಕೆಟ್ಟರೆ ಅವರು ತಿರುಗಿ ಬರುವುದಿಲ್ಲ ಎಂದು ಚಿಗವ್ವ ಹೆದರಿದ್ದಳು. ಅವಳ ಬದುಕು ಆ ಗಿರಣಿಯ ಮೇಲೆಯೇ ನಿಂತಿತ್ತು.

ಇಳಿಸಿದ ಕೂಡಲೇ ಚಿಗವ್ವ ಎಂಜಿನ್ನಿನ ಗಾಲಿಗೆ ವಿಭೂತಿ ಹಚ್ಚಿ ಕಾಯಿ ಒಡೆದಳು. ಸುರಪುರದ ಫಿಟರ್ ಬಂದದ್ದು ಆಮೇಲೆ. ಹಳೆಯ ಎಂಜಿನ್ನನ್ನು ಇಪ್ಪತ್ತು ವರ್ಷ ನೋಡಿಕೊಂಡವರು ಅವರೇ. ಚಾಲೂ ಮಾಡುವ ಬದಲು ಅವರು ಪಾನಾ ಹಿಡಿದು ಬಗಲಿನ ಮುಚ್ಚಳ ಬಿಚ್ಚಲು ಕೂತರು. ಪೂಜೆಯಾದದ್ದನ್ನು ಒಮ್ಮೆಯೂ ಓಡಿಸದೆ ಬಿಚ್ಚುವುದೆಂದರೇನು ಎಂದು ಚಿಗವ್ವ ಅಡ್ಡ ನಿಂತಳು.

"ಅಳಿಯ ಈಗ ಬಾಗಲಿಗಿ ಬಂದಾನ. ನೀರು ಕೊಡೂದು ಬಿಟ್ಟು ಹೊಟ್ಟಿ ಹರೀತಿಯೇನಪಾ?"

"ಅಕ್ಕಾ, ಇದು ಉಸುಕಿನ ಅಚ್ಚಿನಾಗ ಎರಕ ಹೊಯ್ದ ಮಾಲು. ಒಳಗ ಚೂರು ಉಸುಕು ಉಳದ್ರೂ ಎಣ್ಣಿ ಜೋಡಿ ತಿರುಗಿ ಬೇರಿಂಗ್ ತಿಂತದ. ಆವಾಗ ಇನ್ನೊಂದು ಕಾಯಿ ಒಡೀತೀರೇನು?"

ಬೇರಿಂಗ್ ಎಂಬ ಮಾತಿಗೆ ಅವಳು ಸರಿದಳು. ದೂರ ಹೋಗಲಿಲ್ಲ, ಪಕ್ಕದಲ್ಲೇ ಕೂತಳು. ನಾನು ಬ್ಯಾಟರಿಯ ಬೆಳಕು ಹಿಡಿದು ನಿಂತೆ. ಫಿಟರ್ ಡೀಸೆಲ್ ಸುರಿದು ಮೂರು ಸಲ ತೊಳೆದು, ಪ್ರತಿ ಸಲ ಹೊಸ ಬಿಳಿ ಬಟ್ಟೆಯಿಂದ ಒರೆಸಿದರು. ಮೊದಲ ಬಟ್ಟೆಗೆ ಅರ್ಧ ಹಿಡಿ ಉಸುಕು ಬಂತು. ಎರಡನೆಯದಕ್ಕೆ ಚಿಟಿಕೆಯಷ್ಟು. ಮೂರನೆಯದು ಬೆಳ್ಳಗೇ ಉಳಿಯಿತು. ಮುಚ್ಚಳ ಹಾಕೋಣ ಎಂದರು.

ಸವೆದ ಗಿರಣಿ ಕಲ್ಲಿಗೆ ಉಳಿಯಿಂದ ಟಾಕಿ ಹೊಡೆಸಿದಾಗಲೆಲ್ಲ ಚಿಗವ್ವ ಮೊದಲ ಹಿಟ್ಟನ್ನು ಮುಂದಿನ ಹಲ್ಲಿಗೆ ಹಚ್ಚಿ ನೋಡುತ್ತಾಳೆ. ಕಲ್ಲಿನ ಪುಡಿ ಉಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಹಲ್ಲಿಗೆ ಸಿಗುತ್ತದೆ. ಅವಳು ಎಂಜಿನ್ನಿನ ಒಳಗೆ ಕೈ ಹಾಕಿ, ಮೂಲೆ ಸವರಿದ ಬೆರಳನ್ನು ಹಾಗೆಯೇ ಹಲ್ಲಿಗೆ ಹಚ್ಚಿದಳು. ಫಿಟರ್ ತೌಬಾ ಎಂದು ಮುಖ ತಿರುಗಿಸಿದರು. ಬಟ್ಟೆಯೇ ಬೆಳ್ಳಗಿದೆಯಲ್ಲ ಎಂದು ಎತ್ತಿ ತೋರಿಸಿದರು.

ಚಿಗವ್ವ ಉಗುಳಿ ಬಾಯಿ ಮುಕ್ಕಳಿಸಿದಳು.

"ಬಟ್ಟಿಗಿ ಹಲ್ಲಿಲ್ಲಪಾ. ಇನ್ನಾ ಕರಕರ ಅಂತದ."

ಫಿಟರ್ ಗೊಣಗುತ್ತ ನನ್ನ ಕೈಯಲ್ಲಿದ್ದ ಬ್ಯಾಟರಿಯನ್ನು ಆ ಮೂಲೆಗೆ ತಿರುಗಿಸಲು ಹೇಳಿದರು. ಅಲ್ಲಿ ಕೆಂಪು ಬಣ್ಣ ಒಂದು ಕಡೆ ಉಬ್ಬಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರು. ಬಣ್ಣ ಹಕ್ಕಳೆಯಾಗಿ ಎದ್ದಿತು, ಹಿಂದಿನಿಂದ ಕರಿ ಉಸುಕು ಜಾರಿತು. ಕಾರ್ಖಾನೆಯವರು ಉಸುಕಿನ ಮೇಲೆಯೇ ಬಣ್ಣ ಬಳಿದಿದ್ದರು.

ಫಿಟರ್ ಮತ್ತೆರಡು ಸಲ ತೊಳೆದರು. ಪ್ರತಿ ಸಲವೂ ಸರಿದು ಕೂತು ಅವಳಿಗೆ ಜಾಗ ಬಿಟ್ಟರು. ಐದನೆಯ ತೊಳೆತದ ನಂತರ ಚಿಗವ್ವ ಮುಚ್ಚಳವನ್ನು ತಾನೇ ಎತ್ತಿ ಅವರ ಕೈಗೆ ಕೊಟ್ಟಳು.

ಗಿರಣಿ ಬುಧವಾರ ಬೆಳಿಗ್ಗೆ ಶುರುವಾಯಿತು. ಬೇರಿಂಗ್ ಈವರೆಗೆ ಬದಲಿಸಿಲ್ಲ. ಸುರಪುರಕ್ಕೆ ಹೋಗುತ್ತಿದ್ದವರಲ್ಲಿ ಎರಡು ಮನೆಯವರನ್ನು ಬಿಟ್ಟು ಉಳಿದವರೆಲ್ಲ ತಿರುಗಿ ಬಂದಿದ್ದಾರೆ.