ದೇವೀರಮ್ಮನ ಹೆಸರಿನ ಇಂಬಳ

ಕೊಟ್ಟಿಗೆಹಾರದ ಬಸ್ ಸ್ಟಾಪಿನ ಎದುರು ಹೋಟೆಲು ಇಟ್ಟುಕೊಂಡಿರುವ ದೇವೀರಮ್ಮನಿಗೆ ಮೆತ್ತಗೆ ಮಾತಾಡಿ ಗೊತ್ತಿಲ್ಲ. ನೀರುದೋಸೆ ಇನ್ನೊಂದು ಹಾಕ್ಲಾ ಎಂದು ಒಳಗಿನಿಂದ ಕೇಳಿದರೆ, ಹೊರಗೆ ಬಸ್ಸಿನಲ್ಲಿ ಕೂತವರೂ ಬೇಡವೆಂದು ತಲೆಯಾಡಿಸುತ್ತಾರೆ. ಗಲ್ಲಾದಲ್ಲಿ ಕೂರುವ ಗಂಡ ಬಸವರಾಜಪ್ಪನವರಿಗೆ ಮದುವೆಯಾದ ಮೇಲೆ ದನಿ ಎತ್ತುವ ಪ್ರಸಂಗವೇ ಬಂದಿಲ್ಲ.

ಕಳೆದ ಮಳೆಗಾಲದಲ್ಲಿ ಶಾಲಿನಿ ಎಂಬ ಹುಡುಗಿ ಕೊಡೆ ಮಡಚುತ್ತ ಒಳಗೆ ಬಂದಳು. ಶಿವಮೊಗ್ಗದಲ್ಲಿ ಓದುತ್ತಿದ್ದಳಂತೆ. ಈ ಕಾಡಿನ ಜೀವಿಗಳಿಗೆ ವಿಜ್ಞಾನಿಗಳು ಯಾರ್ಯಾರ ಹೆಸರಿಟ್ಟಿದ್ದಾರೋ, ಅವರನ್ನು ಹುಡುಕಿ ಬರೆಯುವುದು ಅವಳ ಕೆಲಸ.

"ಇಲ್ಲಿ ದೇವೀರಮ್ಮ ಅನ್ನೋರು ಯಾರಾದ್ರೂ ಇದ್ದಾರಾ ಅಮ್ಮಾ? ಅವರ ಹೆಸರನ್ನ ಒಂದು ಜೀವಿಗೆ ಇಟ್ಟಿದ್ದಾರೆ. ಇಟ್ಟ ವಿಜ್ಞಾನಿ ಈಗಿಲ್ಲ. ದೇವೀರಮ್ಮನವರಿಗೆ ಕೃತಜ್ಞತೆಯಿಂದ ಅಂತ ಮಾತ್ರ ಬರೆದಿದ್ದಾರೆ, ಊರಿನ ಹೆಸರೂ ಇಲ್ಲ."

ದೇವೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮುಂದೆ ಬಂದಳು. "ಯಾವ ಜೀವಿ? ಹಕ್ಕಿಯಾ?"

"ಇಂಬಳ ಅಮ್ಮಾ. ಕಾಡಿನ ಜಿಗಣೆ."

ದೇವೀರಮ್ಮ ಬಂದಷ್ಟೇ ಬೇಗ ಒಲೆಯ ಹತ್ತಿರ ವಾಪಸಾದಳು. "ಸಂಸೆ ಕಡೆ ಒಬ್ಬಳಿದಾಳೆ ನೋಡು. ಅವಳೇ ಇರ್ಬೇಕು."

ಕಾವಲಿಗೆ ಹಿಟ್ಟು ಹುಯ್ಯುವಾಗ ಅವಳಿಗೆ ಎಲ್ಲ ನೆನಪಿಗೆ ಬಂತು. ಹಿಂದೊಮ್ಮೆ ಗಡ್ಡದವರೊಬ್ಬರು ನೆನೆದು ತೊಪ್ಪೆಯಾಗಿ ಬಂದು, ಹೊಸ ಜಾತಿಯ ಇಂಬಳ ಹುಡುಕಿ ಕಾಡೆಲ್ಲ ಸುತ್ತಿದೆ, ಒಂದೂ ಸಿಗಲಿಲ್ಲ ಎಂದು ಗೋಳಾಡಿದ್ದರು. ಅವರ ಕಿವಿಯ ಹಿಂದೆಯೇ ಒಂದು ಕಚ್ಚಿಕೊಂಡು ಉಬ್ಬಿ ಕೂತಿತ್ತು. "ಮೈಮೇಲೆ ಇದ್ದಿದ್ದು ಗೊತ್ತಾಗಲ್ಲ, ಕಾಡಲ್ಲಿ ಏನು ಹುಡುಕ್ತೀರಿ ಮಾರಾಯ್ರೇ!" ಎಂದು ಬೈದು ಅವಳೇ ಕಿತ್ತಿದ್ದಳು. ಒಲೆಗೆ ಎಸೆಯಬೇಕು ಎನ್ನುವಷ್ಟರಲ್ಲಿ ಅವರು ಕೈ ಹಿಡಿದುಕೊಂಡು ಕೂಗಿದ್ದರು. ಅದೇ ಹೊಸ ಜಾತಿ! ಕೊನೆಗೆ ಅದು ಅವಳ ಉಪ್ಪಿನಕಾಯಿ ಬಾಟಲಿಯಲ್ಲಿ ಊರು ಬಿಟ್ಟಿತು. ಬಾಟಲಿ ವಾಪಸು ಬರಲೇ ಇಲ್ಲ. ಬಂದದ್ದು ಈ ಕೃತಜ್ಞತೆ.

ಎರಡು ದಿನ ಬಿಟ್ಟು ಶಾಲಿನಿ ಮತ್ತೆ ಬಂದಳು. ಸಂಸೆಯ ದೇವೀರಮ್ಮ ವಿಷಯ ಕೇಳಿದವಳೇ ತನ್ನ ನಿಜವಾದ ಹೆಸರು ಬೇರೆ ಎಂದುಬಿಟ್ಟಿದ್ದಳು. ಗೋಣಿಬೀಡಿನ ದೇವೀರಮ್ಮ ತನ್ನ ಓರಗಿತ್ತಿಯ ಕಡೆ ಬೆರಳು ತೋರಿಸಿದ್ದಳು. ಓರಗಿತ್ತಿಯ ಹೆಸರು ನಾಗಶ್ರೀ.

"ಯಾರೂ ಒಪ್ತಿಲ್ಲ ಅಮ್ಮಾ. ಬಹುಶಃ ಮನುಷ್ಯರ ಹೆಸರೇ ಅಲ್ಲ. ಬೆಟ್ಟದ ದೇವೀರಮ್ಮನ ಹೆಸರೇ ಇಟ್ಟಿದ್ದಾರೆ ಅಂತ ಬರೀತೀನಿ."

ದೇವೀರಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಮಗು ಉಳಿದರೆ ನಿನ್ನ ಹೆಸರಿಡುತ್ತೇನೆ ಎಂದು ಅವಳ ಅಮ್ಮ ಹರಕೆ ಹೊತ್ತದ್ದು ಆ ಬೆಟ್ಟದ ತಾಯಿಗೇ. ಮಂಡಿ ನೋವೆಂದು ಗೊಣಗುತ್ತಲೇ ಪ್ರತಿ ದೀಪಾವಳಿಗೂ ಅವಳು ಬೆಟ್ಟ ಹತ್ತುತ್ತಾಳೆ. ಮುಂದಿನ ಸಲ ಯಾವ ಮುಖ ಇಟ್ಟುಕೊಂಡು ಎದುರು ನಿಲ್ಲುವುದು?

"ಆ ತಾಯಿ ಹೆಸರು ಇಂಬಳಕ್ಕಾ? ನಿಂಗೇನು ಬುದ್ಧಿಗಿದ್ಧಿ ಇದೆಯಾ?" ಎಂದು ಕೂಗಿದಳು. ಹೋಟೆಲಿನಲ್ಲಿ ತಿನ್ನುತ್ತಿದ್ದವರೆಲ್ಲ ತಟ್ಟೆ ಬಿಟ್ಟು ತಲೆ ಎತ್ತಿದರು. ದೇವೀರಮ್ಮ ಬಾಗಿಲ ಕಡೆ ನೋಡಿದಳು, ಚಾವಣಿ ನೋಡಿದಳು. ಕೊನೆಗೆ ಹುಟ್ಟಿದ ಮೇಲೆ ಮೊದಲ ಸಲ ಪಿಸುಗುಟ್ಟಿದಳು.

"ನಾನೇ. ಬರ್ಕೋ."

"ಏನಂದ್ರಿ? ಕೇಳಿಸ್ಲಿಲ್ಲ."

"ಅವಳದ್ದೇ ಕಣಮ್ಮ ಆ ಇಂಬಳ!" ಎಂದು ಗಲ್ಲಾದಿಂದ ಬಸವರಾಜಪ್ಪನವರು ಜೋರಾಗಿ ಹೇಳಿದರು. ಅವರಿಗೆ ಅಷ್ಟು ದೊಡ್ಡ ದನಿಯಿದೆಯೆಂದು ಊರಿಗೆ ಗೊತ್ತಾದದ್ದು ಅವತ್ತೇ. "ಮೊನ್ನೆನೇ ಹೇಳೋಣ ಅಂದ್ಕೊಂಡೆ. ರಾತ್ರಿ ಊಟ ಬೇಕಿತ್ತು, ಸುಮ್ಮನಿದ್ದೆ."

ಶಾಲಿನಿ ಖುಷಿಯಿಂದ ಎದ್ದು ದೇವೀರಮ್ಮನ ಕಾಲಿಗೇ ಬಿದ್ದಳು. ದೇವೀರಮ್ಮ ಗಾಬರಿಯಾಗಿ ಅವಳನ್ನು ಎಬ್ಬಿಸಿ, ಮೂರು ದೋಸೆ ಹೆಚ್ಚಿಗೆ ತಿನ್ನಿಸಿ, ಒಂದು ಮಾತು ತೆಗೆದುಕೊಂಡಳು: ಫೋಟೋ ಹಾಕುವುದಾದರೆ ತನ್ನದು ಬೇರೆ ಪುಟದಲ್ಲಿ, ಅದರದ್ದು ಬೇರೆ ಪುಟದಲ್ಲಿ.

ಈಗ ನೆಂಟರಿಷ್ಟರಿಗೆಲ್ಲ ಸುದ್ದಿ ಮುಟ್ಟಿದೆ, ಆದರೆ ಅರ್ಧಂಬರ್ಧ. ಮೊನ್ನೆ ಮೂಡಿಗೆರೆಯ ಮದುವೆಯೊಂದರಲ್ಲಿ ಬೀಗಿತ್ತಿ ಪಂಕ್ತಿಯಲ್ಲಿ ಪಕ್ಕ ಕೂತು, "ನಿಮ್ಮ ಹೆಸರಲ್ಲಿ ಏನೋ ಪ್ರಾಣಿ ಇದೆಯಂತಲ್ಲ, ಯಾವುದದು?" ಎಂದು ಕೇಳಿದರು.

"ಕಾಡುಪ್ರಾಣಿ," ಎಂದಳು ದೇವೀರಮ್ಮ, ಗಂಭೀರವಾಗಿ.

"ಅಯ್ಯೋ! ಮೇಲೆ ಬೀಳುತ್ತಾ?"

"ಬಿದ್ರೆ ರಕ್ತ ಕುಡೀದೆ ಬಿಡಲ್ಲ," ಎಂದು ಹೇಳಿ, ಪಾಯಸದವನನ್ನು ಕೂಗಿ ಕರೆದಳು.