ಲೋಡೆಲ್ಲ ಸೊಣ್ಣಪ್ಪನವರ ಶೆಡ್ಡಿಗೆ

ಬೆಳಕು ಹರಿಯುವ ಮುಂಚೆಯೇ ಚಾಮರಾಜಪೇಟೆಯ ಗಿರಿಜಾ ವಿಲಾಸದ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಬಲ್ಬು ಆರುತ್ತದೆ. ಸ್ಟೂಲಿನ ಮೇಲೆ ಕೂತಿದ್ದ ಸೊಣ್ಣಪ್ಪ ಎದ್ದು, ಹ್ಯಾಂಡಲ್ ಸಿಕ್ಕಿಸಿ, ದಮ್ಮು ಕಟ್ಟಿ ತಿರುಗಿಸುತ್ತಾರೆ. ಡೀಸೆಲ್ ಇಂಜಿನ್ ಮೊದಲು ಪಕ್ಕದ ಮನೆ ತಾತನ ಹಾಗೆ ಕೆಮ್ಮುತ್ತದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಡುಗುಡುಗು ಡುಗುಡುಗು ಎಂದು ಹರಿಕಥೆಗೆ ಇಳಿಯುತ್ತದೆ. ಮೇಲೆ ಮದುವೆ ಮನೆಯಲ್ಲಿ "ಬಂತು, ಬಂತು!" ಎಂಬ ಕೇಕೆ. ಬಂದದ್ದು ಕರೆಂಟಲ್ಲ, ಸೊಣ್ಣಪ್ಪ ಎಂಬುದು ಅಲ್ಲಿ ಯಾರಿಗೂ ಗೊತ್ತಿಲ್ಲ. ಆ ಕೇಕೆ ಇವರಿಗೂ ಕೇಳಿಸುವುದಿಲ್ಲ. ಇಂಜಿನ್ ಪಕ್ಕದಲ್ಲೇ ವರ್ಷಗಟ್ಟಲೆ ಕೂತು ಕಿವಿ ಮುಕ್ಕಾಲು ಹೋಗಿದೆ.

ಮಿಕ್ಕವರು ಕರೆಂಟು ಹೋದರೆ ಬೈಯುತ್ತಾರೆ. ಇವರಿಗೆ ಕರೆಂಟು ಹೋದಾಗಲೇ 'ಕರೆ ಉಂಟು'. ಈ ಬೇಸಿಗೆಯಲ್ಲಿ ಬೆಳಗಾದರೆ ಊರಿಗೆಲ್ಲ ಲೋಡ್ ಶೆಡ್ಡಿಂಗ್. ಆ ಲೋಡೆಲ್ಲ ಬಂದು ಬೀಳುವುದು ಈ ಶೆಡ್ಡಿಗೆ.

ಗಿರಿಜಾ ವಿಲಾಸ ಸಣ್ಣ ಛತ್ರವಲ್ಲ. ನಡುವೆ ಮದುವೆ ಹಾಲು, ಸುತ್ತ ನಲವತ್ತು ಲಾಡ್ಜ್ ರೂಮು. ಅಷ್ಟಕ್ಕೂ ಇರುವುದು ಒಂದೇ ಇಂಜಿನ್, ಅದಕ್ಕೆ ಮೂರು ಸಂಸಾರ. ಡೈನಮೋ ತಿರುಗಿಸಿ ದೀಪ, ಫ್ಯಾನು, ಮೈಕು ನಡೆಸುತ್ತದೆ. ಇನ್ನೊಂದು ಬೆಲ್ಟಿನಿಂದ ಪಕ್ಕದ ತಣ್ಣನೆ ಕೋಣೆಯ ಕಂಪ್ರೆಸರ್ ಓಡಿಸಿ ಮೊಸರು, ಮಲ್ಲಿಗೆ ಕಾಯುತ್ತದೆ. ತನ್ನ ಮೈ ತಂಪಾಗಿಡಲು ಸುತ್ತುವ ನೀರು ಕಾದಾಗ, ಆ ನೀರು ಕೊಳವೆಯಲ್ಲಿ ಸ್ನಾನದ ತೊಟ್ಟಿಯೊಳಗೆ ಹೊರಳಾಡಿ, ಬಿಸಿಯನ್ನು ಅಲ್ಲೇ ಬಿಟ್ಟು ವಾಪಸು ಬರುತ್ತದೆ. ಇದನ್ನೆಲ್ಲ ಹೂಡಿದ್ದು ಮಿಲ್ಲಿನಿಂದ ನಿವೃತ್ತರಾದ ಪರಮಶಿವಯ್ಯ. ಎಪ್ಪತ್ತೊಂದನೇ ಇಸವಿಯಲ್ಲಿ ಅವರ ಜೊತೆ ಪೈಪು ಹೊರಲು ಬಂದ ಸೊಣ್ಣಪ್ಪ, ಅವರು ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದಾರೆ.

"ಇದ್ರ ಜೊತೇನೇ ಮಾತಾಡ್ಕೊಂಡಿರ್ತೀನಿ ಸಾಮಿ. ಎದುರು ಮಾತಾಡಲ್ಲ, ಅದೊಂದು ಸುಖ," ಎನ್ನುತ್ತಾರೆ ಶೆಡ್ಡು ನೋಡಲು ಬಂದವರಿಗೆ, ತಮಗೆ ಕೇಳಿಸಲೆಂದು ಗಟ್ಟಿಯಾಗಿ.

ಎಷ್ಟು ಮದುವೆಗೆ ಬೆಳಕು ಕೊಟ್ಟರೋ ಲೆಕ್ಕವಿಲ್ಲ. ಒಂದು ಧಾರೆಯನ್ನೂ ಕಂಡಿಲ್ಲ. ಆ ಹೊತ್ತಿಗೇ ಮೇಲೆ ಎಲ್ಲ ಫ್ಯಾನು, ಎಲ್ಲ ದೀಪ, ವಾಲಗದ ಮೈಕು. "ಗಟ್ಟಿಮೇಳ ಅಂದ್ರೆ ಎಲ್ರಿಗೂ ಡೋಲು. ನಂಗೆ ಇಂಜಿನ್ ಏದುಸಿರು ಬಿಡೋ ಹೊತ್ತು. ಕೈ ತೆಗೆಯಂಗಿಲ್ಲ." ಹೋದ ವರ್ಷ ಜ್ವರವೆಂದು ಮಲಗಿದಾಗ ಬದಲಿಗೆ ಬಂದವರು ತೊಟ್ಟಿಯ ಕೊಳವೆ ತೆರೆಯಲು ಮರೆತರು. ಇಂಜಿನ್ ಕುದಿಯಿತು, ಮೊಸರು ಹುಳಿಯಾಯಿತು, ಗಂಡಿನ ಕಡೆಯವರು ತಣ್ಣೀರು ಮಿಂದು ಬಿಸಿಯಾದರು. ಅಂದಿನಿಂದ ಬೇರೆ ಕೈಗೆ ಹ್ಯಾಂಡಲ್ ಇಲ್ಲ.

ಬರುವ ಭಾನುವಾರ ಇದೇ ಹಾಲಿನಲ್ಲಿ ಇನ್ನೊಂದು ಮದುವೆ. ಹುಡುಗಿ ಮುನಿರತ್ನ, ಸೊಣ್ಣಪ್ಪನವರ ಒಬ್ಬಳೇ ಮಗಳು. ಯಜಮಾನರು ಹಾಲನ್ನು ಹಾಗೇ ಬಿಟ್ಟುಕೊಟ್ಟಿದ್ದಾರೆ. ಮುಹೂರ್ತ ಬೆಳಿಗ್ಗೆ ಏಳೂವರೆಗೆ, ಸರಿಯಾಗಿ ಕರೆಂಟಿಲ್ಲದ ಹೊತ್ತಿಗೆ.

ಹೆಂಡತಿ ಹನುಮಕ್ಕ ತೀರಿಕೊಂಡು ಆರು ವರ್ಷ. ಒಂಟಿ ಗಂಡಸು ಧಾರೆ ಎರೆಯುವಂತಿಲ್ಲವೆಂದು ಅಣ್ಣ ಅತ್ತಿಗೆ ಹಸೆಯ ಬಳಿ ಕೂರುತ್ತಾರೆ. ಮ್ಯಾನೇಜರ್ ರೇವಣಸಿದ್ದಯ್ಯ ಮೂಗಿನಲ್ಲೇ ರಾಗ ಎಳೆದು ವ್ಯವಸ್ಥೆ ಮುಗಿಸಿಬಿಟ್ಟಿದ್ದಾರೆ: "ಧಾರೆಗೆ ಹ್ಯಾಂಗೂ ನಿಮ್ಮಣ್ಣ ಇದಾರಲ್ಲಾ ಸೊಣ್ಣಪ್ಪಾ... ನೀನು ನಿಶ್ಚಿಂತೆಯಿಂದ ಇಂಜಿನ್ ನೋಡ್ಕೋ." ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಸೊಣ್ಣಪ್ಪ ಕೇಳಿಸದವರಂತೆ ನಿಂತಿದ್ದರು. ಕೇಳಿಸಿತ್ತು.

ತಣ್ಣನೆ ಕೋಣೆಗೆ ಮಲ್ಲಿಗೆ ಕುಕ್ಕೆ ತಂದ ಭಾಗೀರಥಮ್ಮ, ಹೂ ಕಟ್ಟುವವರು, ಕಿವಿಗೆ ಬಾಯಿಟ್ಟು ಕೂಗುತ್ತಾರೆ: "ಏನಣ್ಣಾ, ಬೀಗರಾಗೋರು! ಈ ಶೆಡ್ಡಿಗೆ ಬೀಗ ಹಾಕಿ ಮೇಲ್ ಬಂದ್ಬಿಡಿ!"

"ಗಂಡಿನೋರು ಬೆವತ್ರೆ?"

"ಬೆವರ್ಲಿ ಬಿಡಿ, ಕರಗೋಗ್ತಾರಾ?"

ನಗುತ್ತಾರೆ. ಆಕೆ ಹೋದ ಮೇಲೆ ನಗು ಒಬ್ಬರಿಗೇ ಉಳಿದು, ಬೇಗ ಆರುತ್ತದೆ. ಹತ್ತಿಯಿಂದ ಕೈಯ ಮಸಿ ಒರೆಸುತ್ತಾರೆ. ಒರೆಸಿದಷ್ಟೂ ಮಸಿ ಬೆರಳಿನ ಗೆರೆಗಳಿಗೇ ಇಳಿಯುತ್ತದೆ. ಮಗಳು ಮೊನ್ನೆ ಹನುಮಂತನಗರದ ಮನೆಯಲ್ಲಿ ಊಟಕ್ಕೆ ಬಡಿಸುತ್ತಾ ಕೇಳಿದಳಂತೆ: "ಅವ್ವ ಇಲ್ಲ. ನೀನೂ ಕೆಳಗಡೆ ಇದ್ರೆ, ತಲೆ ಎತ್ತಿ ನಾನ್ ಯಾರನ್ನ ನೋಡ್ಲಪ್ಪಾ?" ಅನ್ನ ಕಲಸುತ್ತಲೇ ಇದ್ದರಂತೆ.

ಈಗ ಉತ್ತರ ಹೊಳೆದಿದೆ. ಅಣ್ಣನಿಗಾಗಲಿ ಮ್ಯಾನೇಜರಿಗಾಗಲಿ ಹೇಳಿಲ್ಲ, ಮಗಳಿಗೊಬ್ಬಳಿಗೆ ಹೇಳಿದ್ದಾರೆ. ತೊಟ್ಟಿಯ ನೀರು ಮುಹೂರ್ತದ ಹೊತ್ತಿಗೆ ಕಾದಿರುತ್ತದೆ, ಕೋಣೆಯ ತಂಪು ಒಂದು ಗಳಿಗೆಗೆ ಕೆಡುವುದಿಲ್ಲ. ಇಂಜಿನ್ ಕಡೆ ಬೆನ್ನು ಹಾಕಿ, ಅದಕ್ಕೆ ಕೇಳಿಸಬಾರದೆಂಬಂತೆ, ಅಪರೂಪಕ್ಕೆ ಮೆಲ್ಲಗೆ ಮಾತಾಡುತ್ತಾರೆ:

"ತಾಳಿ ಕಟ್ಟೋ ಹೊತ್ಗೆ ಇದನ್ನ ನಿಲ್ಸಿಬಿಡ್ತೀನಿ ಸಾಮಿ. ಫ್ಯಾನೆಲ್ಲ ನಿಂತೋಗ್ತವೆ, ಮೈಕ್ ಕಟ್ಟಾಗುತ್ತೆ. ಜನ ಎಲ್ಲ 'ಥೂ, ಹೋಯ್ತು' ಅಂತಾರೆ. ನನ್ ಮಗ್ಳು ಮಾತ್ರ ತಲೆ ಎತ್ತಿ ಬಾಗ್ಲು ಕಡೆ ನೋಡ್ತಾಳೆ, ಅಪ್ಪ ಬಂದ ಅಂತ."