ಚೀಲಕ್ಕೆ ತುಂಬಿದ ಉಡಿ

ಅವರ ಚಷ್ಮಾ ಸದಾ ಮೂಗಿನ ತುದಿಗೆ ಜಾರುತ್ತಿತ್ತು. ಅದನ್ನು ಮೇಲೇರಿಸಲು ಅವರು ಬೆರಳು ಬಳಸುತ್ತಿರಲಿಲ್ಲ. ಬೆಕ್ಕು ಮುಖ ಒರೆಸಿಕೊಂಡ ಹಾಗೆ ಮಣಿಕಟ್ಟಿನಿಂದ ನೂಕುತ್ತಿದ್ದರು. ಬೆರಳಲ್ಲಿ ಯಾವಾಗಲೂ ಮೆಣಸಿನಕಾಯಿಯ ಖಾರ ಇರುತ್ತಿತ್ತು. ಉಗುರಿನ ಸಂದಿಯ ಕೆಂಪು ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಯಾರಾದರೂ ಕೈಕುಲುಕಲು ಬಂದರೆ ಹಿಂದೆ ಸರಿದು, "ಬ್ಯಾಡ್ರೀ, ಕೈಯಾಗ ಖಾರ ಐತಿ. ಆಮ್ಯಾಲೆ ಕಣ್ಣ ಒರಸ್ಕೊಂಡು ನನ್ನ ಬೈತೀರಿ" ಎಂದು ಕೈ ಮುಗಿದುಬಿಡುತ್ತಿದ್ದರು.

ಗದಗ ಸೀಮೆಯ ಡೋಣಿಯ ಹತ್ತಿರದ ಒಂದು ಊರಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಹಾಗಾಗಿ ಊರಿಗೆಲ್ಲ ಅಕ್ಕೋರು. ನನಗೆ ಅವರು ಅಕ್ಷರ ಕಲಿಸಿದವರಲ್ಲ, ಆದರೂ ನಾನೂ ಹಾಗೇ ಕರೆಯುತ್ತಿದ್ದೆ. ಗಂಡ ತೀರಿಕೊಂಡಾಗ ಅವರಿಗೆ ಇನ್ನೂ ಎಳೆಯ ವಯಸ್ಸಂತೆ. ಆ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. ಪಿಂಚಣಿ ಬಂದ ಮೇಲೆ ಮನೆಯಲ್ಲಿ ಕೂಡುವುದು ಬಿಟ್ಟು ಮೆಣಸಿನಕಾಯಿ ಬೆಳೆಯುವ ಹೆಣ್ಣುಮಕ್ಕಳನ್ನು ಸೇರಿಸಿ ಒಂದು ಸಂಘ ಕಟ್ಟಿದರು. ಒಬ್ಬೊಬ್ಬರೇ ಚೀಲ ಹೊತ್ತು ಗದಗದ ಪೇಟೆಗೆ ಹೋಗಿ, ಕೊಟ್ಟಷ್ಟು ಇಸಿದುಕೊಂಡು ಬರುವುದು ಅವರಿಗೆ ಸೇರುತ್ತಿರಲಿಲ್ಲ. ಅಧ್ಯಕ್ಷರಾಗಿದ್ದರೂ ಉಳಿದವರ ಜೊತೆ ಗೋಣಿತಟ್ಟಿನ ಮೇಲೆ ಕುಳಿತು ತೊಟ್ಟು ಬಿಡಿಸುತ್ತಿದ್ದರು. "ಖುರ್ಚಿ ಮ್ಯಾಲೆ ಕುಂತ್ರ ಮಂದಿ ನಕ್ಕೋತ ಸುಳ್ಳ ಹೇಳ್ತಾರ, ನೆಲದ ಮ್ಯಾಲೆ ಕುಂತ್ರ ಬೈಕೋತ ಖರೆ ಹೇಳ್ತಾರ" ಎಂಬುದು ಅವರ ಲೆಕ್ಕಾಚಾರ.

ನಾನು ಗದಗದಲ್ಲಿ ಹೊರದೇಶಕ್ಕೆ ಮಾಲು ಕಳಿಸುವವರ ಕಾಗದಪತ್ರ ನೋಡಿಕೊಳ್ಳುವವನು. ಈ ಕಸುಬಿನಲ್ಲಿ ಒಂದು ಮಾತು ಕಲಿತಿದ್ದೇನೆ: ಎರಡು ಸರಕಾರಗಳು ಕೈಕುಲುಕಿದರೆ ಪೇಪರಿನಲ್ಲಿ ಫೋಟೋ ಬರುತ್ತದೆ, ಆದರೆ ಮಾಲು ತಾನಾಗಿ ಹಡಗು ಹತ್ತುವುದಿಲ್ಲ. ಒಮ್ಮೆ ನಮ್ಮ ರಾಜ್ಯಕ್ಕೂ ಜಪಾನಿಗೂ ವ್ಯಾಪಾರ ಹೆಚ್ಚಿಸಬೇಕೆಂದು ಬೆಂಗಳೂರಿನಲ್ಲಿ ದೊಡ್ಡ ಸಭೆ ನಡೆಯಿತು. ಹೂಗುಚ್ಛ, ಸಹಿ, ಚಪ್ಪಾಳೆ ಎಲ್ಲ ಆಯಿತು. ನಂತರ ಜಪಾನಿನ ಒಂದು ತಂಡವನ್ನು ನಮ್ಮ ಕಡೆ ತಿರುಗಾಡಿಸುವ ಕೆಲಸ ಬೆಂಗಳೂರಿನ ಒಬ್ಬ ಅಧಿಕಾರಿಯ ಪಾಲಿಗೆ ಬಂತು. ಅವರಿಗೆ ದಾರಿ ತೋರಿಸುವುದು ನನ್ನ ಪಾಲಿಗೆ ಬಂತು.

ಲಕ್ಷ್ಮೇಶ್ವರದಲ್ಲಿ ಹತ್ತಿ ನೋಡಿದರು, ಶಿರಹಟ್ಟಿಯಲ್ಲಿ ಶೇಂಗಾ ನೋಡಿದರು, ಎರಡೂ ಕಡೆ ಚಹಾ ಕುಡಿದು ನಕ್ಕು ಬಂದರು. ಕೊನೆಗೆ ಅಕ್ಕೋರ ಕಣಕ್ಕೆ ಕರೆದುಕೊಂಡು ಹೋದೆ. ತಂಡದಲ್ಲಿ ಮಸಾಲೆ ಖರೀದಿಸುವ ಒಬ್ಬ ಹೆಣ್ಣುಮಗಳಿದ್ದಳು, ನಡುವಯಸ್ಸಿನವಳು, ಮಾತು ಕಡಿಮೆ. ಉಳಿದವರು ಕೆಂಪು ರಾಶಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಆಕೆ ಅಕ್ಕೋರ ಎದುರು ತಟ್ಟಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತಳು. ಒಂದು ಕಾಯಿ ಮುರಿದು ಮೂಸಿದಳು, ಬೀಜ ನಾಲಿಗೆಗೆ ಇಟ್ಟುಕೊಂಡಳು. ಕೈ ಚಾಚಲಿಲ್ಲ, ಬಾಗಿ ನಮಸ್ಕರಿಸಿದಳು. ಅಕ್ಕೋರಿಗೆ ಅದು ಬಹಳ ಹಿಡಿಸಿತು. "ನೋಡು ತಮ್ಮಾ, ಶಾಣ್ಯಾ ಮಂದಿ. ಮುಟ್ಟದನ ಮಾತಾಡ್ಸ್ತಾರ" ಎಂದರು. ತಿಂಗಳೊಪ್ಪತ್ತಿನಲ್ಲಿ ಒಂದು ಕಂಟೇನರ್ ಮಾಲಿಗೆ ಬೇಡಿಕೆ ಬಂತು. ಇದು ಪರೀಕ್ಷೆಯ ಮಾಲು, ಸರಿಹೋದರೆ ಮುಂದೆ ಪ್ರತಿ ಸುಗ್ಗಿಗೂ ತೆಗೆದುಕೊಳ್ಳುತ್ತೇವೆ ಎಂದಿತ್ತು. ಸಂಘದ ಹೆಣ್ಣುಮಕ್ಕಳೆಲ್ಲ ಆ ವರ್ಷದ ಒಳ್ಳೆಯ ಕಾಯಿಯನ್ನು ಪೇಟೆಗೆ ಒಯ್ಯದೆ ಇದಕ್ಕೇ ತೆಗೆದಿಟ್ಟರು.

ಇಲ್ಲಿ ಅಕ್ಕೋರ ಒಂದು ರೂಢಿಯನ್ನು ಹೇಳಬೇಕು. ಸಂಘದಲ್ಲಿ ಯಾರದಾದರೂ ಮಗಳು ಗಂಡನ ಮನೆಗೆ ಹೊರಟಾಗ, ಬಸುರಿಗೆ ಸೀಮಂತ ಆದಾಗ, ಹೆಂಗಸರು ಸೇರಿ ಅವಳ ಸೆರಗಿನ ಮಡಿಲಿಗೆ ಉಡಿ ತುಂಬುತ್ತಿದ್ದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಒಂದು ಕುಪ್ಪಸದ ಖಣ. ಎಲ್ಲ ಸಾಮಾನು ತಂದು ತಟ್ಟೆಯಲ್ಲಿ ಜೋಡಿಸುವವರು ಅಕ್ಕೋರೇ. ಜೋಡಿಸಿ ಮುಗಿದ ಕೂಡಲೇ, "ಚಹಾ ಉಕ್ಕೀತು, ನೋಡಿ ಬರ್ತೇನಿ" ಎಂದು ಒಳಗೆ ಹೋಗಿಬಿಡುತ್ತಿದ್ದರು. ಗಂಡ ಇಲ್ಲದವರು ಉಡಿ ತುಂಬಬಾರದು ಎಂದು ಅವರಿಗೆ ಯಾರೂ ಹೇಳುತ್ತಿರಲಿಲ್ಲ. ಹೇಳುವ ಪ್ರಸಂಗವನ್ನೇ ಅವರು ತರುತ್ತಿರಲಿಲ್ಲ. ಒಲೆಯ ಮೇಲೆ ಚಹಾ ಇಲ್ಲದ ದಿನವೂ ಅದು ಉಕ್ಕುತ್ತಿತ್ತು.

ಕಂಟೇನರ್ ಹೋಯಿತು. ಕೆಲವು ವಾರಗಳ ನಂತರ ಆ ಕಡೆಯ ಬಂದರಿನಿಂದ ನನಗೆ ಸಂದೇಶ ಬಂತು: ಮಾಲು ತಡೆಹಿಡಿಯಲಾಗಿದೆ. ತಪಾಸಣೆಯವರು ಬಿಚ್ಚಿದ ಚೀಲದಲ್ಲಿ ಘೋಷಿಸದ ವಸ್ತು ಸಿಕ್ಕಿದೆ, ಅದರಲ್ಲಿ ಜೀವಂತ ಹುಳ ಇವೆ. ಜೊತೆಗೆ ಒಂದು ಫೋಟೋ. ಗಂಟು ಬಿಚ್ಚಿದ ಖಣ, ಅದರಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು. ಪಕ್ಕದಲ್ಲಿ ಅಳತೆಪಟ್ಟಿ ಬೇರೆ ಇಟ್ಟಿದ್ದರು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹೊರಗಿನ ಅಕ್ಕಿಯ ವಿಷಯದಲ್ಲಿ ಆ ದೇಶ ಮಹಾ ಕಟ್ಟುನಿಟ್ಟು. ಹೋಗಿ ಹೋಗಿ ಅಕ್ಕಿಯನ್ನೇ ಕಳಿಸಿದ್ದೆವು.

ಬೆಂಗಳೂರಿನ ಅಧಿಕಾರಿ ಫೋನ್ ಮಾಡಿದರು. "ಇದು ಎರಡು ಸರ್ಕಾರಗಳ ಮರ್ಯಾದೆ ಪ್ರಶ್ನೆ ಕಣ್ರೀ. ಸಂಘದವರು ಹಾಕಿದ್ದು ಅಂತ ಗೊತ್ತಾದ್ರೆ ಮುಂದೆ ಅವರ ಹತ್ರ ಯಾರೂ ಕೊಳ್ಳಲ್ಲ. ಲಾರಿ ಡ್ರೈವರ್ ತನ್ನ ಮನೆ ಗಂಟನ್ನ ಚೀಲದಲ್ಲಿಟ್ಟು ಮರೆತ ಅಂತ ಒಂದು ಹೇಳಿಕೆ ಬರೆಸಿಬಿಡಿ. ಎಲ್ಲರಿಗೂ ಒಳ್ಳೇದು" ಎಂದರು. ಎಲ್ಲರಲ್ಲಿ ಆ ಡ್ರೈವರ್ ಸೇರಿರಲಿಲ್ಲ. ಅವನು ಮುಂಡರಗಿಯವನು, ಬಂದರಿಗೆ ಮಾಲು ಒಯ್ಯುವುದೇ ಅವನ ಅನ್ನ. ಇಂಥ ಹೆಸರು ಬಂದವನಿಗೆ ಮತ್ತೆ ಯಾರೂ ಲೋಡು ಕೊಡುವುದಿಲ್ಲ.

ಖಬರ ಮುಟ್ಟಿದ ದಿನವೇ ಅಕ್ಕೋರು ಬಸ್ಸು ಹಿಡಿದು ಗದಗಕ್ಕೆ ಬಂದರು. ಫೋಟೋ ತೋರಿಸಿದೆ, ಅಧಿಕಾರಿ ಹೇಳಿದ್ದನ್ನೂ ಹೇಳಿದೆ. ಅವರು ಮಣಿಕಟ್ಟಿನಿಂದ ಚಷ್ಮಾ ಮೇಲೇರಿಸಿ ಫೋಟೋವನ್ನು ಬಹಳ ಹೊತ್ತು ನೋಡಿದರು.

"ಆ ಹುಡುಗಗ ಯಾಕ ಹಚ್ತೀರಿ? ಅದನ್ನ ನಾನ ಇಟ್ಟೇನಿ."

"ಯಾಕ್ರೀ ಅಕ್ಕೋರ?"

"ನಮ್ಮೂರಿಂದ ಅಷ್ಟ ದೂರ ಹೊಂಟ ಮೊದಲನೇ ಮಾಲು, ತಮ್ಮಾ. ಖಾಲಿ ಉಡೀಲೆ ಹೆಂಗ ಕಳಸೂದು? ಮಂದಿಗೆ ತುಂಬಾಕ ನನಗ ಬರಂಗಿಲ್ಲ. ಚೀಲ ಏನ್ ಬ್ಯಾಡ ಅಂತೈತಿ? ಎಲ್ಲಾರೂ ಊಟಕ್ಕ ಹೋದಾಗ ಬಾಯಿ ಬಿಚ್ಚಿ ಇಟ್ಟು, ಮತ್ತ ಹೊಲದೆ."

ಮತ್ತೆ ಫೋಟೋದ ಕಡೆ ಬಾಗಿ, "ಅಕ್ಕಿ ಆರಿಸಿದ್ದೆ. ಹುಳ ಹೆಂಗ ಉಳಕೊಂಡುವೋ ಏನೋ" ಎಂದರು. ಅವರಿಗೆ ನಾಚಿಕೆಯಾಗಿದ್ದು ಅದೊಂದಕ್ಕೇ ಇರಬೇಕು.

ಜಪಾನಿನ ಆ ಹೆಣ್ಣುಮಗಳಿಗೆ ತಾವೇ ಹೇಳುತ್ತೇನೆಂದು ಹಟ ಹಿಡಿದರು. ವಿಡಿಯೋ ಕರೆ ಮಾಡಿಸಿದೆ. ಬೆಂಗಳೂರಿನಿಂದ ದುಭಾಷಿ ಹುಡುಗಿ ಸೇರಿಕೊಂಡಳು, ಅಧಿಕಾರಿಯೂ ಸೇರಿಕೊಂಡು ಮಾತುಮಾತಿಗೆ ಕೆಮ್ಮುತ್ತಿದ್ದರು. ಅಕ್ಕೋರು ಪರದೆಗೆ ಕೈ ಮುಗಿದು, "ತಪ್ಪು ನಂದು. ಡ್ರೈವರಂದಲ್ಲ, ನಮ್ಮ ಹೆಣ್ಮಕ್ಕಳಂದೂ ಅಲ್ಲ, ಅವರಿಗೆ ಗೊತ್ತೂ ಇಲ್ಲ" ಎಂದು ಶುರುಮಾಡಿ ಎಲ್ಲ ಹೇಳಿದರು. ದುಭಾಷಿ ಹುಡುಗಿಗೆ ಉಡಿ ಎಂದರೇನೆಂದು ಮೊದಲು ನಾನು ಬಿಡಿಸಿ ಹೇಳಬೇಕಾಯಿತು. ಎಲ್ಲ ಕೇಳಿದ ಮೇಲೆ ಜಪಾನಿನ ಆಕೆ ಒಂದೇ ಪ್ರಶ್ನೆ ಕೇಳಿದಳು: ಇದನ್ನು ನಿಮ್ಮಲ್ಲಿ ಎಲ್ಲ ಹೆಂಗಸರೂ ಮಾಡುತ್ತಾರೆಯೇ?

"ಇಲ್ರೀ. ಗಂಡ ಇದ್ದಾಕಿ ಮಾಡ್ತಾಳ. ನನಗ ಇಲ್ಲ" ಎಂದರು ಅಕ್ಕೋರು, ದರ ಹೇಳುವ ದನಿಯಲ್ಲೇ. ಆಕೆ ಬಾಗಿ ನಮಸ್ಕರಿಸಿ ಕರೆ ಮುಗಿಸಿದಳು.

ಪವಾಡವೇನೂ ನಡೆಯಲಿಲ್ಲ. ಆ ಚೀಲವನ್ನು ಸುಟ್ಟರು. ಉಳಿದ ಮಾಲಿಗೆಲ್ಲ ಹುಳ ಸಾಯುವ ಹೊಗೆ ಹಾಕಿದರು, ಖರ್ಚು ಸಂಘದ ಮೇಲೆ ಬಿತ್ತು. ಆ ವರ್ಷ ಕೈಗೆ ಬಂದದ್ದು ಪೇಟೆಯಲ್ಲಿ ಮಾರಿದ್ದರೆ ಸಿಗುತ್ತಿದ್ದುದಕ್ಕಿಂತ ಕಡಿಮೆಯೇ. ಮುಂದಿನ ಬೇಡಿಕೆಯ ಮಾತೇ ಇರಲಿಲ್ಲ. ಅಕ್ಕೋರು ಮನೆಮನೆಗೆ ನಡೆದು, ಹೊಸ್ತಿಲಲ್ಲಿ ನಿಂತು, ಆದದ್ದನ್ನು ತಾವೇ ಹೇಳಿ ಬೈಸಿಕೊಂಡು ಬಂದರು. ಎಲ್ಲರಿಗಿಂತ ಜೋರಾಗಿ ಬೈದವಳು ಸಂಘದ ಹಿರಿಯ ಮುದುಕಿ. ಬಾಯಿ ಬಿಟ್ಟರೆ ಬೆಂಕಿ ಎನ್ನುತ್ತಾರಲ್ಲ, ಅಂಥವಳು. "ಊರ ಮಂದಿಗೆ ಶಾಣೇತನ ಕಲಿಸಿದಾಕಿ, ನಿನಗ ಬುದ್ಧಿ ಎಲ್ಲಿ ಹೋಗಿತ್ತಽ? ನನ್ನ ಮೊಮ್ಮಗಳ ಮದಿವಿ ಮುಂದಕ್ಕ ಹೋತು" ಎಂದು ಓಣಿಗೆಲ್ಲ ಕೇಳಿಸುವಂತೆ ಒದರಿದಳು. ಅಕ್ಕೋರು, "ಬೈರಿ, ಬೈರಿ. ಖರೆ ಐತಿ" ಎಂದು ಅಲ್ಲೇ ನಿಂತಿದ್ದರಂತೆ. ಆ ಮುದುಕಿಯೇ ಆಮೇಲೆ ಒಳಗೆ ಕರೆದು ರೊಟ್ಟಿ ಹಾಕಿದಳಂತೆ, ಬೈಯುತ್ತಲೇ.

ಮುಂದಿನ ಸುಗ್ಗಿಗೆ ಜಪಾನಿನ ಆ ಹೆಣ್ಣುಮಗಳು ಒಬ್ಬಳೇ ಬಂದಳು. ಅಧಿಕಾರಿ ಓಡಿಬಂದು ಶಾಲು ಹೊದಿಸಿ ಭಾಷಣ ಮಾಡಿದರು. ಎರಡು ನಾಡುಗಳ ಬಾಂಧವ್ಯ, ಬಂಡವಾಳ, ಮೈತ್ರಿ, ಯಾವುದನ್ನೂ ಬಿಡಲಿಲ್ಲ. ಆಕೆ ಮಾಲು ನೋಡಿ, ಈ ಸಲವೂ ಒಂದು ಕಂಟೇನರ್ ಬೇಕೆಂದಳು. ಹೆಂಗಸರು ಖುಷಿಯಿಂದ ಆಕೆಗೆ ಉಡಿ ತುಂಬಲು ತಟ್ಟೆ ತಂದರು. ಅಕ್ಕೋರು ಜೋಡಿಸಿಕೊಟ್ಟು, "ಚಹಾ ಉಕ್ಕೀತು" ಎಂದು ಎದ್ದರು. ಪ್ಯಾಂಟು ತೊಟ್ಟ ಆಕೆಗೆ ಸೆರಗೆಲ್ಲಿಯದು? ಅಧಿಕಾರಿ ಹೊದಿಸಿದ ಶಾಲಿನ ಎರಡು ತುದಿ ಹಿಡಿದು, ಉಳಿದ ಹೆಂಗಸರನ್ನೆಲ್ಲ ದಾಟಿ, ಅಡುಗೆಮನೆಯ ಬಾಗಿಲಲ್ಲಿ ಅಕ್ಕೋರಿಗೆ ಎದುರಾಗಿ ನಿಂತಳು.

ಅಕ್ಕೋರು ಖಾರದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುದುಕಿಯ ಕಡೆ ನೋಡಿದರು. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

"ತುಂಬಽ ಯವ್ವಾ" ಎಂದಳು ಮುದುಕಿ. "ಚೀಲಕ್ಕ ತುಂಬಾಕ ಕೈ ಬಂತು. ಈಕಿ ಉಡಿ ಏನ್ ಪಾಪ ಮಾಡೈತಿ?"

ಅಕ್ಕೋರು ತುಂಬಿದರು. ಸ್ವಲ್ಪ ಅಕ್ಕಿ ನೆಲಕ್ಕೆ ಚೆಲ್ಲಿತು. ಆಕೆ ಉತ್ತತ್ತಿಯನ್ನು ಅಲ್ಲೇ ತಿಂದಳು, ಖಣವನ್ನು ಚೀಲಕ್ಕೆ ಹಾಕಿಕೊಂಡಳು. ಅಕ್ಕಿಯನ್ನು ಮಾತ್ರ ನಗುತ್ತಾ ಅಕ್ಕೋರ ಕೈಗೇ ವಾಪಸು ಕೊಟ್ಟಳು, ನಮ್ಮ ವಿಮಾನ ನಿಲ್ದಾಣದಲ್ಲಿ ನನ್ನನ್ನು ಹಿಡಿಯುತ್ತಾರೆ ಎಂದು. ಅವತ್ತಿನ ಊಟಕ್ಕೆ ಆ ಅಕ್ಕಿಯ ಅನ್ನವೂ ಸೇರಿತು. ಅಕ್ಕೋರು ಎರಡು ಸಲ ನೀಡಿಸಿಕೊಂಡರು.

ಈಗ ಪ್ರತಿ ಸುಗ್ಗಿಗೂ ಮಾಲು ಹೋಗುತ್ತದೆ. ಮುಂಡರಗಿಯ ಆ ಡ್ರೈವರನೇ ಒಯ್ಯುತ್ತಾನೆ. ಯಾರ ತಪ್ಪನ್ನೋ ಯಾರ ಕೊರಳಿಗೋ ಕಟ್ಟುವ ಹೇಳಿಕೆ ಬರೆದುಕೊಡಿ ಎಂದು ಅದಾದ ಮೇಲೂ ನನ್ನ ಆಫೀಸಿಗೆ ಮಂದಿ ಬಂದಿದ್ದಾರೆ. ಬರೆದುಕೊಡದೆ, ಚಹಾ ಕುಡಿಸಿ ಕಳಿಸಿದ್ದೇನೆ. ಅದು ಅಕ್ಕೋರು ಹಾಕಿಕೊಟ್ಟ ರೂಢಿ.

ಈ ವರ್ಷ ಕಾಯಿ ಕೆಂಪಾಗುವ ಹೊತ್ತಿಗೆ ಅವರು ತೀರಿಕೊಂಡರು. ಒಂದೇ ದಿನದ ಜ್ವರ. ನಾನು ಹೋದಾಗ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಚಷ್ಮಾ ತೆಗೆದ ಮುಖ ಯಾರದೋ ಅನಿಸಿತು. ಉಗುರಿನ ಕೆಂಪು ನೋಡಿ ಅವರೇ ಎಂದು ಗುರುತಾಯಿತು. ಎತ್ತುವ ಹೊತ್ತಿಗೆ ಸಂಘದ ಹೆಂಗಸರು ಒಟ್ಟಾಗಿ ಒಳಗೆ ಬಂದರು. ಮುಂದೆ ಆ ಮುದುಕಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ, ಖಣ. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಯವ್ವಾ, ಅವರು ಮುತ್ತೈದಿ ಅಲ್ಲಲ್ಲಽ..." ಎಂದರು.

ಮುದುಕಿ ತಿರುಗಿಯೂ ನೋಡಲಿಲ್ಲ. ಅಕ್ಕೋರ ಸೆರಗನ್ನು ಮಡಿಲಲ್ಲಿ ಹರವಿ ತುಂಬತೊಡಗಿದಳು.

"ದೂರ ಹೊಂಟಾಳೋ ಯಪ್ಪಾ. ಖಾಲಿ ಉಡೀಲೆ ಹೆಂಗ ಕಳಸೂದು?"